ಸೂರ್ಯಾಸ್ತಕ್ಕೆ ಮೊದಲು ಒಂದು ತೆಳ್ಳೇವು

ಸಿನೆಮಾ ನೋಡುತ್ತ ಕೂತಲ್ಲೇ ನಿದ್ದೆ ಹೋಗುವುದು ನನ್ನ ಹಳೆಯ ಚಾಳಿ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮೂವತ್ತು ವರ್ಷ ಶಿರಸಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದವನು ನಾನು. ಎಷ್ಟೋ ಮಕ್ಕಳು ನನ್ನ ಎದುರಿಗೇ ಕೂತು ನಿದ್ದೆ ಮಾಡಿದ್ದಾರೆ, ನಾನು ಸಹಿಸಿಲ್ಲವೆ? ಆದರೆ ಕಳೆದ ತಿಂಗಳು ಒಂದು ಭಾನುವಾರ ಊಟ ಮುಗಿಸಿ ಟೀವಿಯೆದುರು ಕೂತಾಗ, ನಿದ್ದೆ ತರಿಸಬೇಕಾದ ಸಿನೆಮಾವೇ ನನ್ನ ನಿದ್ದೆ ಕೆಡಿಸಿತು.

ಅದು ಯಾವುದೋ ದೇಶದ್ದು. ಗಂಡ ಹೆಂಡತಿ ಇಬ್ಬರು ರಜೆ ಕಳೆಯಲು ಸಮುದ್ರದ ದಂಡೆಯ ಊರಿಗೆ ಹೋಗುತ್ತಾರೆ. ಹೋಗುತ್ತಾರೆ ಅಂದೆನೆ? ಹೋಗಿ ಮುಟ್ಟುವುದಕ್ಕೇ ಅರ್ಧ ಗಂಟೆ ಬೇಕು. ಆಮೇಲೆ ಆತ ಕಿತ್ತಳೆ ಸುಲಿಯುತ್ತಾನೆ. ಆಕೆ ತಿನ್ನುವುದಿಲ್ಲ. ತಂತಿಯ ಮೇಲೆ ಒಂದು ಟವೆಲ್ ಒಣಗುತ್ತದೆ. ಅದು ಪೂರ್ತಿ ಒಣಗುವವರೆಗೂ ಕ್ಯಾಮರಾ ಅಲ್ಲಿಂದ ಕದಲುವುದಿಲ್ಲ. ಬಾಷ್ಪೀಕರಣದ ಪಾಠಕ್ಕೆ ಇದನ್ನೇ ತೋರಿಸಬಹುದಿತ್ತಲ್ಲ ಎಂದು ನಾನು ನಕ್ಕೆ.

ನನ್ನ ಹೆಂಡತಿ ಭಾರತಿ ನಗಲಿಲ್ಲ. ಅವಳು ಟೀವಿಯ ಮುಂದೆ ಸುಮ್ಮನೆ ಕೂತವಳೇ ಅಲ್ಲ. ಬೀನ್ಸಿನ ನಾರು ತೆಗೆಯುವುದೋ, ಬಟ್ಟೆ ಮಡಚುವುದೋ ಏನಾದರೊಂದು ಕೈಯಲ್ಲಿ ಇರಲೇಬೇಕು. ಅವತ್ತು ಬೀನ್ಸು ಮಡಿಲಲ್ಲೇ ಉಳಿದಿತ್ತು. ತೆರೆಯ ಮೇಲಿನ ಹೆಂಗಸು ಬಾಗಿಲಿಗೆ ಬಂದು ನಿಲ್ಲುತ್ತಾಳೆ, ಗಂಡನನ್ನು ನೋಡುತ್ತಾಳೆ, ಒಳಗೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಆತ ಪೇಪರಿನಿಂದ ತಲೆ ಎತ್ತುವುದಿಲ್ಲ. ನನಗೆ ತಾಳ್ಮೆ ತಪ್ಪಿತು. ಬಾಯಿ ಇಲ್ಲವೇ ಈ ಹೆಂಗಸಿಗೆ, ಏನು ಬೇಕು ಅಂತ ಹೇಳಬಾರದೇ ಎಂದು ಗೊಣಗಿದೆ.

ಭಾರತಿ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಚಂದಗುಳಿಲಿ ಆನೂ ಎರಡು ಸಲ ಬಾಗ್ಲಿಗೆ ಬಂದಿದ್ದೆ. ನಿಂಗ ಇನ್ನೊಂದು ತೆಳ್ಳೇವು ಇದ್ದಾ ಕೇಳಿದ್ರಿ."

ಅಷ್ಟೇ. ಜಗಳದ ದನಿಯೂ ಅಲ್ಲ, ಅಳುವ ದನಿಯೂ ಅಲ್ಲ. ಬೀನ್ಸು ಎತ್ತಿಕೊಂಡು ನಾರು ತೆಗೆಯತೊಡಗಿದಳು.

ಎಂಟು ವರ್ಷದ ಹಿಂದಿನ ಮಾತು ಅದು. ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತ್ತು. ಎರಡು ದಿನ ಎಲ್ಲಾದರೂ ಹೋಗಿಬರೋಣ ಎಂದೆ. ಭಾರತಿ ಕೇಳಿದ್ದು ಒಂದೇ: ಯಲ್ಲಾಪುರದ ಜೇನುಕಲ್ಲು ಗುಡ್ಡದಿಂದ ಸೂರ್ಯ ಮುಳುಗುವುದನ್ನು ನೋಡಬೇಕು. ಅವಳ ತವರುಮನೆ ಸಿದ್ದಾಪುರದ ಕಡೆ, ಎರಡು ಗುಡ್ಡದ ನಡುವಿನ ಕೊರಕಲಿನಲ್ಲಿ. ಅಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಗುಡ್ಡದ ಹಿಂದೆ ಮರೆ. ಮದುವೆಯಾಗಿ ಶಿರಸಿಗೆ ಬಂದರೆ ಪಶ್ಚಿಮಕ್ಕೆ ಪಕ್ಕದ ಮನೆಯ ಗೋಡೆ. ಹೀಗಾಗಿ ಸೂರ್ಯ ಪೂರ್ತಿಯಾಗಿ ಮುಳುಗಿದ್ದನ್ನು ಅವಳು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಸಂಜೆಯ ಸೂರ್ಯ ಯಾಕೆ ಕೆಂಪು ಎಂದು ವರ್ಷವರ್ಷವೂ ಊರಮಕ್ಕಳಿಗೆಲ್ಲ ಹೇಳಿದ ಮೇಷ್ಟ್ರ ಹೆಂಡತಿಯ ಕಥೆ ಇದು! ಗುಡ್ಡದ ಮೇಲೆ ಕೂತು ತಿನ್ನಲು ಅವಳು ಒಂದು ಡಬ್ಬಿ ಚಕ್ಕುಲಿಯನ್ನೂ ಕರಿದುಕೊಂಡಿದ್ದಳು.

ಈಗ ನಮ್ಮ ಕಡೆಯ ಒಂದು ಕಾಯಿಲೆಯ ವಿಷಯ ಹೇಳಬೇಕು. ನೆಂಟರ ಮನೆಯ ದಾರಿಯಲ್ಲಿ ಹಾದುಹೋಗುವವರು ಒಳಗೆ ಹೋಗಿ ಬಾರದೆ ಮುಂದೆ ಹೋಗುವಂತಿಲ್ಲ. ಹೋದರೆ ಅದು ಮುಂದಿನ ಮದುವೆ ಮುಂಜಿಯವರೆಗೂ ಮಾತಾಗುತ್ತದೆ. ಹಳೆಯ ಮಹಾಕಾವ್ಯಗಳಿಗೆ ಹದಿನೆಂಟು ವರ್ಣನೆ ಇರಬೇಕಂತೆ. ಅದರಲ್ಲಿ ಪ್ರಯಾಣವಿದೆ, ಪರ್ವತವಿದೆ, ವಿರಹವೂ ಇದೆ; ನಡುವೆ ನೆಂಟರ ಮನೆ ಹೊಗುವುದು ಮಾತ್ರ ಇಲ್ಲ. ಆ ಲಕ್ಷಣ ಬರೆದವರು ಖಂಡಿತ ನಮ್ಮ ಕಡೆಯವರಲ್ಲ. ನಾನಂತೂ ಯಲ್ಲಾಪುರಕ್ಕೆ ಹೊರಟವನು ಮೊದಲು ಹುಲೇಕಲ್ಲಿಗೆ ಹೋದೆ. ಅದು ಯಲ್ಲಾಪುರದ ದಾರಿಯಲ್ಲೇ ಇಲ್ಲ. ಆದರೂ ಕಾರು ತೆಗೆದ ಮೇಲೆ ಚಿಕ್ಕಪ್ಪನ ಮನೆಗೆ ಹೋಗದಿದ್ದರೆ ಹೇಗೆ? ಅಲ್ಲಿಂದ ಮಂಚಿಕೇರಿ. ಅಲ್ಲೂ ಒಂದು ಮನೆ, ಅಲ್ಲೇ ಊಟ. ಪ್ರತಿ ಮನೆಯಲ್ಲೂ ಆಸರಿಗೆ, ಎಂದರೆ ಕುಡಿಯಲು, ಏನು ಬೇಕು ಎಂದು ಕೇಳುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದೆ. ಭಾರತಿ ಒಳಗೆ ಹೋಗಿ ಸೆರಗು ಸಿಕ್ಕಿಸಿಕೊಂಡು ಕಾಯಿ ತುರಿಯುತ್ತಿದ್ದಳು. ಹೆಂಗಸರು ನೆಂಟರಾಗಿ ಹೋದರೂ ಕೂರುವುದು ಅಡುಗೆಮನೆಯಲ್ಲಿ ತಾನೆ? ಸಾಕಾಯಿತಾ ಎಂದು ಪ್ರತಿ ಸಲ ಕೇಳಿದೆ. ಪ್ರತಿ ಸಲವೂ 'ಅಡ್ಡಿಲ್ಲೆ' ಅಂದಳು. ನಾನು ಅದನ್ನೇ ನಂಬಿದೆ. ನಂಬುವುದು ಸುಲಭವಿತ್ತು.

ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಚಂದಗುಳಿ. ಸೋದರತ್ತೆಯ ಮಗ ಮಾಬ್ಲ ಭಾವನ ಮನೆ. ಹತ್ತೇ ನಿಮಿಷ ಎಂದು ಭಾರತಿಗೆ ಹೇಳಿ ಇಳಿದೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ಸೀಟಿನ ಮೇಲಿದ್ದ ಚಕ್ಕುಲಿ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಕೊಟ್ಟುಬಿಟ್ಟೆ. ಭಾವನ ಹೆಂಡತಿ ಗಂಗಕ್ಕ ನಮ್ಮನ್ನು ಕಂಡದ್ದೇ ಕಾವಲಿ ಒಲೆಗೇರಿಸಿದಳು. ಅವಳಿಗೆ ಮಣಿಕಟ್ಟು ನೋವು. ಹಾಗಾಗಿ ತೆಳ್ಳೇವು ಎರೆದವಳು ಭಾರತಿ. ದೋಸೆಯ ತಂಗಿಯಂತೆ ತೆಳ್ಳಗಿನ ಆ ತೆಳ್ಳೇವನ್ನು ಜೋನಿಬೆಲ್ಲ ತುಪ್ಪದ ಜೊತೆ ತಿನ್ನುತ್ತ, ನಾನು ಭಾವನೊಂದಿಗೆ ಮಂಗಗಳ ಕಾಟದ ಬಗ್ಗೆ ಮಾತಾಡುತ್ತಿದ್ದೆ. ಮಂಗಗಳ ಬಗ್ಗೆ, ಮೂರು ತಾಸು! ಭಾರತಿ ಬಾಗಿಲಿಗೆ ಬಂದಿದ್ದಳು. ಅಂಗಳದ ಬಿಸಿಲು ನೋಡಿದ್ದಳು, ನನ್ನನ್ನೂ ನೋಡಿದ್ದಳು. ಎರಡನೆಯ ಸಲ ಬಂದಾಗ ನಾನು ಖಾಲಿ ತಟ್ಟೆ ಮುಂದೆ ಹಿಡಿದೆ.

ಗುಡ್ಡ ಮುಟ್ಟುವಾಗ ಜನ ಇಳಿದು ಬರುತ್ತಿದ್ದರು. ಆಕಾಶದಲ್ಲಿ ಒಂದಿಷ್ಟು ಕೆಂಪು ಉಳಿದಿತ್ತು. ಅವಳನ್ನು ಸಮಾಧಾನ ಮಾಡಲು ನಾನು ಏನು ಹೇಳಿದೆ ಗೊತ್ತೆ? ಪಾಠ ಹೇಳಿದೆ. ಗಾಳಿಯಲ್ಲಿ ಬೆಳಕು ಬಾಗುವುದರಿಂದ, ಸೂರ್ಯ ನಿಜವಾಗಿ ಮುಳುಗಿದ ಮೇಲೂ ಸುಮಾರು ಎರಡು ನಿಮಿಷ ನಮಗೆ ಕಾಣುತ್ತಿರುತ್ತಾನೆ. ಹಾಗಾಗಿ ಕಡೆಗೆ ಕಾಣುವುದು ಹೇಗೂ ಇಲ್ಲದ ಸೂರ್ಯನೇ, ಬೇಜಾರು ಮಾಡಿಕೊಳ್ಳಬೇಡ ಎಂದೆ. ಅವಳು 'ಅಡ್ಡಿಲ್ಲೆ' ಅಂದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. ದಣಿದಿದ್ದಾಳೆ ಎಂದುಕೊಂಡು ನಾನು ರೇಡಿಯೊ ಹಾಕಿದೆ. ಆಮೇಲೆ ಅವಳು ಎಲ್ಲಿಗಾದರೂ ಹೋಗೋಣ ಎಂದದ್ದು ನನಗೆ ನೆನಪಿಲ್ಲ. ಅವಳು ಕೇಳುತ್ತಿಲ್ಲ ಎಂಬುದು ಕೂಡ ಈ ಸಿನೆಮಾ ನೋಡುವವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಮುಂದಿನ ಭಾನುವಾರವೇ ಅವಳನ್ನು ಹೊರಡಿಸಿದೆ. ಈ ಸಲ ಚಕ್ಕುಲಿ ನಾನೇ ಪೇಟೆಯಿಂದ ತಂದೆ, ಮೆತ್ತಗಾದದ್ದು. ಚಂದಗುಳಿಯಲ್ಲಿ ಮಾಬ್ಲ ಭಾವ ಅಂಗಳದಲ್ಲೇ ನಿಂತಿದ್ದ. ನಾನು ಕನ್ನಡಿ ಸರಿಮಾಡುವವನಂತೆ ಮುಖ ತಿರುಗಿಸಿ ಕಾರು ಓಡಿಸಿದೆ. ಕಿವಿ ಬಿಸಿಯಾಯಿತು. ಐದಕ್ಕೆ ಗುಡ್ಡದ ಮೇಲಿದ್ದೆವು. ಒಂದೂಕಾಲು ತಾಸು ಕೂತೆವು. ಆ ಸಿನೆಮಾದವರ ಹಾಗೆ, ಮಾತಿಲ್ಲ ಕತೆಯಿಲ್ಲ. ಕೆಳಗೆ ಬೇಡ್ತಿ ಹೊಳೆ, ಎದುರಿಗೆ ಸಾಲು ಸಾಲು ಗುಡ್ಡ. ಸೂರ್ಯ ಇಳಿದ. ಕೊನೆಯ ಆ ಎರಡು ನಿಮಿಷ ನಾನು ತುಟಿ ಬಿಚ್ಚಲಿಲ್ಲ. ಮೇಷ್ಟ್ರಾದವನಿಗೆ ಅದು ಸಣ್ಣ ಕೆಲಸವಲ್ಲ.

"ಚೊಲೋ ಇದ್ದು," ಎಂದಳು ಭಾರತಿ. "ಆದ್ರೆ ಆವತ್ತಿಂದು ಆವತ್ತಿಂದೇಯ."

ನಲವತ್ತೆಂಟರಲ್ಲಿ ನೋಡಬೇಕೆಂದದ್ದನ್ನು ಐವತ್ತಾರರಲ್ಲಿ ತೋರಿಸಿದರೆ ಅದು ಬೇರೆಯೇ. ಕಾರು ತಿರುಗಿಸುವಾಗ ಅವಳೇ ಹೇಳಿದಳು, ಗಂಗಕ್ಕನ ಮನೆಗೆ ಹೋಗಿ ಬರೋಣ, ಭಾವ ಕಾರು ನೋಡಿದ್ದಾನೆ ಎಂದು.

ಅಂಗಳಕ್ಕೆ ಕಾಲಿಡುವ ಮೊದಲೇ ಗಂಗಕ್ಕ ಭಾರತಿಯ ಕೈ ಹಿಡಿದು ಕೇಳಿದಳು: "ಈ ಸಲನಾದ್ರೂ ಸೂರ್ಯ ಸಿಕ್ಕಿದ್ನ?"

ಅಂದರೆ ಅವಳಿಗೆ ಗೊತ್ತಿತ್ತು. ಅವತ್ತು ಕಾವಲಿಯ ಮುಂದೆ ಕೂತು ಭಾರತಿ ಎಲ್ಲ ಹೇಳಿಕೊಂಡಿದ್ದಳು. ಬಂದ ನೆಂಟರನ್ನು ಹೊರಡಿ ಎನ್ನಲು ಗಂಗಕ್ಕನಿಗೆ ಬಾಯಿ ಬರಲಿಲ್ಲ, ಹೊರಡೋಣ ಎನ್ನಲು ಭಾರತಿಗೆ ಬಾಯಿ ಬರಲಿಲ್ಲ. ಮಾಬ್ಲ ಭಾವನಿಗೂ ಆಮೇಲೆ ತಿಳಿದಿತ್ತಂತೆ. ತಿಳಿಯದೆ ಉಳಿದವನು ಜಗಲಿಯಲ್ಲಿ ಮಂಗಗಳ ಬಗ್ಗೆ ಮಾತಾಡಿದವನೊಬ್ಬನೇ.

ಭಾವ ಕವಳದ ತಟ್ಟೆ ಮುಂದಿಟ್ಟ. ನನಗೆ ಕೂರಲಾಗಲಿಲ್ಲ. ತಪ್ಪಾಯಿತು ಎಂದು ಅವಳಿಗೆ ಹೇಳಿಬಿಡಬೇಕೆಂದು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಇಬ್ಬರೂ ಕಾವಲಿಯ ಮುಂದೆ ಕೂತು ಮಾತಿನಲ್ಲಿ ಮುಳುಗಿದ್ದರು. ಭಾರತಿ ಕೈಯಾಡಿಸಿ ಸೂರ್ಯ ಇಳಿದ ಬಗೆಯನ್ನು ತೋರಿಸುತ್ತಿದ್ದಳು. ಯಾರೂ ನನ್ನನ್ನು ನೋಡಲಿಲ್ಲ. ಜಗಲಿಗೆ ಮರಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗಿ ನಿಂತೆ. ಈ ಸಲ ಭಾರತಿ ತಲೆ ಎತ್ತಿದಳು.

"ಎಂತ? ಇನ್ನೊಂದು ತೆಳ್ಳೇವು ಬೇಕಾ?"

"ಒಂದು ಸಾಕು," ಎಂದೆ.