ನಾನು ನುಂಗಿದ ಗೋಧಿ

"ಹಿಟ್ಟು ಉಣ್ಣಂಗಿಲ್ವಾ? ಮತ್ತೆ ಎಂಗವ್ವ ಬದುಕಿದ್ದೀಯೆ?"

ಕೆ.ಆರ್. ಪೇಟೆಯ ಫ್ಯಾನ್ಸಿ ಸ್ಟೋರ್ ಅಜ್ಜಿ ಕೈಯಲ್ಲಿದ್ದ ಬಳೆ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಕೇಳಿದ್ದು ಬರೀ ಲಿಪ್‌ಸ್ಟಿಕ್, ತಂಗಿಯ ಮದುವೆಗೆ.

ನನಗೆ ಸೀಲಿಯಾಕ್ ಕಾಯಿಲೆ. ಗೋಧಿ ಚೂರು ಹೊಟ್ಟೆಗೆ ಹೋದರೂ ಹಾಸಿಗೆ ಹಿಡಿಯುತ್ತೇನೆ. ಕೆಲವು ಲಿಪ್‌ಸ್ಟಿಕ್‌ಗಳಲ್ಲಿ ಗೋಧಿಯ ಅಂಶ ಇರುತ್ತದೆ, ತುಟಿಗೆ ಹಚ್ಚಿದ್ದು ಊಟದ ಜೊತೆ ಒಳಗೂ ಹೋಗುತ್ತದೆ. ಅದಕ್ಕೇ ಅಂಗಡಿಯ ಮೂಲೆಯಲ್ಲಿ ನಿಂತು ಪೊಟ್ಟಣದ ಸಣ್ಣಕ್ಷರ ಓದುತ್ತಿದ್ದೆ. ಏನು ಹುಡುಕುತ್ತಿದ್ದೀಯ ಎಂದು ಅಜ್ಜಿ ಕೇಳಿದಾಗ ಸಂಕೋಚದಲ್ಲಿ 'ಗೋಧಿ' ಎಂಬುದನ್ನು ನುಂಗಿ, "ನಂಗೆ ಹಿಟ್ಟು ಆಗಲ್ಲ" ಎಂದುಬಿಟ್ಟಿದ್ದೆ. ನಮ್ಮ ಸೀಮೆಯಲ್ಲಿ ಹಿಟ್ಟೆಂದರೆ ರಾಗಿಮುದ್ದೆ.

"ಮುದ್ದೆ ಎರಡೊತ್ತೂ ಉಣ್ತೀನಜ್ಜಿ. ಗೋಧಿ ಹಿಟ್ಟು ಮಾತ್ರ ಆಗಲ್ಲ" ಎಂದೆ.

"ಅಷ್ಟೇಯಾ? ಎದೆ ದಸಕ್ಕಂದ್ಬುಡ್ತು ಕಣವ್ವ. ನಮ್ಮಪ್ಪ ಗೋದಿ ಮುಖನೇ ನೋಡ್ದೆ ತೊಂಬತ್ತು ವರ್ಸ ಗಟ್ಟಿಯಾಗಿದ್ದ."

ಆಮೇಲೆ ಕನ್ನಡಕ ಹಾಕಿಕೊಂಡು ಇದ್ದಬದ್ದ ಲಿಪ್‌ಸ್ಟಿಕ್‌ಗಳನ್ನೆಲ್ಲ ನನ್ನ ಮುಂದೆ ಸುರಿದರು. ನಾನು ಒಂದೊಂದನ್ನೇ ಗಟ್ಟಿಯಾಗಿ ಓದಿದೆ. ಗೋಧಿಯ ಹೆಸರು ಬಂದಿದ್ದನ್ನು, ಏನೂ ಬರೆದಿರದಿದ್ದನ್ನು ಅಜ್ಜಿ ಅತ್ತ ತಳ್ಳಿದರು. ಕೊನೆಗೆ ಉಳಿದದ್ದು ಇಟ್ಟಿಗೆ ಬಣ್ಣದ್ದೊಂದು. "ಇದ್ನ ಬಳ್ಕೊ. ಹಿಟ್ಟು ಉಂಡ್ರೂ ಅಳ್ಸೋಗಲ್ಲ" ಎಂದರು.

ಮದುವೆಯ ಫೋಟೊಗಳಲ್ಲಿ ಆ ಬಣ್ಣವೇ ಎದ್ದು ಕಾಣುತ್ತದೆ. ಈಗ ಲೇಬಲ್ ಓದಲು ನಾನು ಅಂಗಡಿಯ ಮೂಲೆಗೆ ಹೋಗುವುದಿಲ್ಲ. ಗೋಧಿಯನ್ನಂತೂ ನುಂಗುವಂತಿಲ್ಲ, ಆ ಪದವನ್ನೂ ಇನ್ನು ನುಂಗುವುದಿಲ್ಲ.