ವಿಮಾನದ ಹೊಟ್ಟೆ

ನಿನ್ನೆ ಎಂ.ಕೆ. ಹುಬ್ಬಳ್ಳಿಯ ನಮ್ಮ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ, ಬೆಳಗಾವಿಯಲ್ಲಿ ಇಳಿಯುವ ವಿಮಾನ ತಲೆಯ ಮೇಲೇ ಹಾದುಹೋಯಿತು. ಕಾಕಾ ನೆನಪಾದರು.

ಕಾಕಾ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೂ ಬಸ್ ಹತ್ತುವ ಮುಂಚೆ ಬಗ್ಗಿ ಅದರ ಅಡಿಯನ್ನೊಮ್ಮೆ ನೋಡುತ್ತಿದ್ದರು. ಹೈಸ್ಕೂಲಿನಲ್ಲಿದ್ದ ನಾನು ಅವರ ಹಳೆಯ ಫೋಟೋ ನೋಡಿಕೊಂಡು, ಅವರು ದುರಸ್ತಿ ಮಾಡುತ್ತಿದ್ದ ವಿಮಾನವನ್ನೇ ಕಂಪ್ಯೂಟರಿನ ವಿಮಾನ ಹಾರಿಸುವ ಆಟದಲ್ಲಿ ಎರಡು ತಿಂಗಳು ಕೂತು ಕಟ್ಟಿದ್ದೆ. ರೆಕ್ಕೆಯ ಒಂದೊಂದು ರಿವೆಟ್ ಮೊಳೆಯನ್ನೂ ಎಣಿಸಿ ಕೂರಿಸಿದ್ದೆ. ಗೆಳತಿಯರಿಗೆ ತೋರಿಸುವಾಗ ಕಾಕಾ ಚಾಳೀಸು ಕಣ್ಣಿಗೇರಿಸಿಕೊಂಡು ಪಕ್ಕಕ್ಕೆ ಬಂದು ಕುಳಿತರು.

"ಭಾಳ ಚಲೋ ಮಾಡೀದಿ ನೋಡವಾ. ಹೊಟ್ಟಿ ಕೆಳಗ ಒಂದೀಟ ತೋರ್ಸು."

ತಿರುಗಿಸಿದೆ. ಕೆಳಗೆ ಬರೀ ಬೂದು ಬಣ್ಣ ಬಳಿದು ಬಿಟ್ಟಿದ್ದೆ.

"ಅದನ್ನ ಯಾರ ನೋಡ್ತಾರ ಬಿಡ್ರಿ ಕಾಕಾ!" ಎಂದೆ. ಗೆಳತಿಯರು ನಕ್ಕರು. ನಾನೂ ನಕ್ಕೆ.

"ಹದಿನೈದ ವರ್ಷ ನಾ ಅಲ್ಲೇ ಮಲಕೊಂಡ ಕೆಲಸ ಮಾಡೇನವಾ" ಎಂದು ಕಾಕಾ ಮೆಲ್ಲಗೆ ಹೇಳಿ, ಚಾಳೀಸು ತೆಗೆದು ಜೇಬಿಗಿಟ್ಟುಕೊಂಡು ಎದ್ದು ಹೋದರು. ಆ ನಗು ನೆನೆದರೆ ಇಂದಿಗೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಆ ಹೊಟ್ಟೆಯನ್ನು ನಾನು ಮಾಡಲೇ ಇಲ್ಲ.

ನಿನ್ನೆ ಕತ್ತೆತ್ತಿ ನಿಂತಿದ್ದೆ. ವಿಮಾನ ಮರೆಯಾಗುವವರೆಗೂ ನನಗೆ ಕಂಡದ್ದು ಅದರ ಹೊಟ್ಟೆಯೊಂದೇ.