ಬೆರಳು ಕಾಣುವ ಟೀವಿ

ದಾಂಡೇಲಿಗೆ ಬಂದಿಳಿದ ಮರುದಿನ ಬೆಳಿಗ್ಗೆ ಕಾಗದದ ಕಾರ್ಖಾನೆಯ ಭೋಂಗಾ ಕೂಗಿತು. ಬಂಗೂರನಗರದಲ್ಲಿ ನಾವು ಹಿಡಿದಿದ್ದ ಬಾಡಿಗೆ ಮನೆಗೂ ಕಾರ್ಖಾನೆಗೂ ನಡುವೆ ಇದ್ದದ್ದು ಒಂದು ರಸ್ತೆ ಮಾತ್ರ. ಆ ಸದ್ದಿಗೆ ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅತ್ತೆ "ಶಿವನ!" ಎಂದು ಎದೆ ಹಿಡಿದುಕೊಂಡರು. ಒಂದೂವರೆ ವರ್ಷದ ಮಗಳು ಕಸ್ತೂರಿ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಕೂತು, ಚಮಚೆಯಿಂದ ಹಿಟ್ಟಿನ ಡಬ್ಬಿ ಬಡಿಯುತ್ತಿದ್ದಳು. ಬೆಚ್ಚಲಿಲ್ಲ, ತಿರುಗಿ ಕೂಡ ನೋಡಲಿಲ್ಲ. ಭೋಂಗಾ ನಿಂತ ಮೇಲೂ ನಾನು ಮತ್ತು ಅತ್ತೆ ಒಬ್ಬರ ಮುಖ ಒಬ್ಬರು ನೋಡುತ್ತ ಹಾಗೇ ಇದ್ದೆವು.

ಊರಲ್ಲಿದ್ದಾಗ ನಮ್ಮೂರಿನವರಾದ ನೀವೆಲ್ಲ ಹೇಳುತ್ತಿದ್ದಿರಿ, "ನಿಮ್ಮ ಮನಿತನದಾಗ ಮಾತು ತಡಾನ ಬರ್ತಾವ, ಕಾಳಜಿ ಮಾಡಬ್ಯಾಡ" ಎಂದು. ನಾನೂ ನಂಬಿದ್ದೆ. ಬೈಲಹೊಂಗಲದ ಕಡೆಯ ನಮ್ಮ ಹಳ್ಳಿಯಲ್ಲಿ ಮಗು ಬೆಚ್ಚಿ ಬೀಳುವಂಥ ಸದ್ದಾದರೂ ಏನಿತ್ತು? ಗಂಡ ಮಹಾಂತೇಶನಿಗೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತೆಂದು ಖುಷಿಯಿಂದ ಗಂಟುಮೂಟೆ ಕಟ್ಟಿದವರು ನಾವು. ಹೊಸ ಊರು ನಮಗೆ ಮೊದಲು ಹೇಳಿದ್ದು ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂಬ ಸುದ್ದಿಯನ್ನು. ಹುಬ್ಬಳ್ಳಿಯ ಡಾಕ್ಟರು ಅದನ್ನೇ ಖಾತ್ರಿ ಮಾಡಿದರು. ಕಿವಿಗೆ ಯಂತ್ರ ಹಾಕಿಸಿದೆವು. ಅದರಿಂದ ಅವಳಿಗೆ ಸಿಕ್ಕಿದ್ದು ಒಂದಿಷ್ಟು ಗದ್ದಲ, ಮಾತಲ್ಲ.

ಬಹಳ ದಿನ ನನಗೆ ಈ ಊರಿನ ಮೇಲೆ ಸಿಟ್ಟಿತ್ತು. ಅಲ್ಲಿ ಎರೆಹೊಲದ ಬದುವಿನ ಮೇಲೆ ನಿಂತರೆ ಮೂರು ಊರು ಕಾಣುತ್ತಿದ್ದವು. ಇಲ್ಲಿ ಎತ್ತ ನೋಡಿದರೂ ಕಣ್ಣು ಮರಕ್ಕೆ ತಾಗಿ ನಿಲ್ಲುತ್ತದೆ. ಅಲ್ಲಿ ಮುಂಜಾನೆ ಎದ್ದರೆ ರೊಟ್ಟಿ ಬಡಿಯುವ ಸದ್ದು. ಇಲ್ಲಿ ಓಣಿಯ ತುಂಬ ಮೀನಿನ ಸಾರಿನ ವಾಸನೆ. ಜೋಳದ ಹಿಟ್ಟು ಚೆನ್ನಾಗಿರುವುದು ಎಲ್ಲಿ ಸಿಗುತ್ತದೆಂದು ತಿಳಿಯುವುದಕ್ಕೇ ನನಗೆ ಒಂದು ವರ್ಷ ಹಿಡಿಯಿತು. ಭಾಷೆಯೂ ಅಷ್ಟೇ. ತರಕಾರಿಯವನದು ಉರ್ದು, ಕಿರಾಣಿಯವರದು ಮರಾಠಿ. ಪಕ್ಕದ ಮನೆಯ ರೋಸಾಬಾಯಿ ಹಳಿಯಾಳ ತಾಲೂಕಿನ ಸಿದ್ದಿ ಸಮಾಜದವರು. ಶಾಲೆಯ ಬಿಸಿಯೂಟದ ಅಡುಗೆಯವರು. ಅವರು ಮೊದಲ ದಿನವೇ ಗೋಡೆಯಾಚೆಯಿಂದ "ಜೆವಣ್ ಜಾಲೆಂ?" ಎಂದು ಕೇಳಿದ್ದರು. ಕೊಂಕಣಿಯಲ್ಲಿ ಊಟ ಆಯಿತೇ ಎಂದು ಅರ್ಥ. ನಾನು ಏನೋ ಅಂದುಕೊಂಡು ಬಾಗಿಲು ಹಾಕಿಕೊಂಡಿದ್ದೆ. ಅರ್ಧ ಗಂಟೆಗೆ ಅವರೇ ಅನ್ನ, ಸಾರು ಹಿಡಿದು ಬಂದು, "ಬಾಗಲಾ ತಗೀರಿ ಅಕ್ಕಾ, ಮೀನ ಹಾಕಿಲ್ಲ" ಎಂದು ನಕ್ಕರು.

ಹೀಗೆ ಒಂದೊಂದೇ ಭಾಷೆ ನಾಲಿಗೆಗೆ ಬಂತು. ಮನೆಯೊಳಗೆ ಬೇಕಾಗಿದ್ದ ಭಾಷೆ ಮಾತ್ರ ಬರಲಿಲ್ಲ. ಕಸ್ತೂರಿಗೆ ಏಳು ತುಂಬುವವರೆಗೂ ನಾವು ಅವಳ ಜೊತೆ ಆಡಿದ್ದೆಲ್ಲ ಬಾ, ಹೋಗು, ಉಣ್ಣು, ಬೇಡ, ಇಷ್ಟೇ. ಅವಳಿಗೆ ಹೇಳುವುದು ಬೇಕಾದಷ್ಟಿತ್ತು. ಹಿತ್ತಲಿನ ಅತ್ತಿಮರಕ್ಕೆ ದೊಡ್ಡ ಕೊಕ್ಕಿನ ಮಂಗಟ್ಟೆ ಬಂದು ಕೂತರೆ ಎಲ್ಲರಿಗಿಂತ ಮೊದಲು ಕಾಣುತ್ತಿದ್ದುದು ಅವಳಿಗೇ. ಓಡಿ ಬಂದು ನನ್ನ ಸೆರಗು ಎಳೆದು ತೋರಿಸುವಳು, ಮುಂದೆ ಏನೋ ಕೇಳುವಳು, ನನಗೆ ತಿಳಿಯುತ್ತಿರಲಿಲ್ಲ. ಕಾಲು ನೆಲಕ್ಕೆ ಬಡಿದು ಅಳುವಳು.

ಕೊನೆಗೆ ಒಬ್ಬ ಟೀಚರ್ ಸಿಕ್ಕರು. ಅವರಿಗೂ ಕಿವಿ ಕೇಳಿಸುವುದಿಲ್ಲ. ಹುಬ್ಬಳ್ಳಿಯಲ್ಲಿದ್ದುಕೊಂಡು ರವಿವಾರ ಮುಂಜಾನೆ ವಿಡಿಯೋ ಕಾಲಿನಲ್ಲಿ ಸನ್ನೆ ಭಾಷೆ ಕಲಿಸುತ್ತಾರೆ. ವಾರದ ಪಾಠವನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಮೊದಲ ದಿನವೇ ಅವರು ಬರೆದು ತೋರಿಸಿದರು: "ಮಗು ಒಂದೇ ಕಲಿತರೆ ಯಾರ ಜೊತೆ ಮಾತಾಡಬೇಕು? ಮನೆಯವರೆಲ್ಲ ಕೂಡಿ."

ಕೂಡುವುದಾದರೂ ಹೇಗೆ? ಇದ್ದದ್ದು ಅಂಗೈಯಗಲದ ಫೋನು. ಅದಕ್ಕೆ ನಾಲ್ಕು ತಲೆ ಬಗ್ಗಿದರೆ ನಾಲ್ಕೂ ಢಿಕ್ಕಿ. ಅತ್ತೆಯವರ ಕಣ್ಣಿಗೆ ಟೀಚರ್ ಬೆರಳುಗಳು ಇರುವೆಯಷ್ಟು. ಅವರು ಎರಡು ರವಿವಾರ ನೋಡಿ ಮೂರನೆಯದಕ್ಕೆ ಎದ್ದು ಹೋದರು. "ನನಗ ಕಾಣೂದಿಲ್ಲ. ಮ್ಯಾಲ ಈ ವಯಸ್ನ್ಯಾಗ ಕೈ ಆಡಿಸಿಕೋತ ಕುಂತ್ರ ಚಂದ ಕಾಣಸ್ತೈತೇನು?" ಕಸ್ತೂರಿ ಅಜ್ಜಿಯ ಬೆನ್ನನ್ನೇ ನೋಡುತ್ತಿದ್ದಳು. ಅಂದೇ ನಾನು ಟೀವಿ ತರುವ ಮಾತೆತ್ತಿದೆ. ದುಡ್ಡು ಕೂಡುವಷ್ಟರಲ್ಲಿ ಎರಡು ವರ್ಷ ಕಳೆದವು, ಅಷ್ಟರೊಳಗೆ ಕಸ್ತೂರಿ ಫೋನಿನಲ್ಲೇ ಬೆರಳಿನ ಅಕ್ಷರ ಕಲಿತಿದ್ದಳು.

ಫೋನಿನಲ್ಲಿ ಊರಿನ ಅಕ್ಕನಿಗೂ ಹೇಳಿದೆ. ಅವಳು ಕೆಟ್ಟವಳಲ್ಲ, ಆದರೂ ಅವಳ ಬಾಯಿಂದ ಬಂದದ್ದು ಇದು: "ಕಿವಿ ಕೇಳದ ಕೂಸಿಗಿ ಟೀವಿ ತಗೊಂಡು ಏನ ಮಾಡ್ತಿಯವ್ವಾ ಸುವರ್ಣಾ?"

"ಆಕಿ ಕಣ್ಣೀಲೆ ಕೇಳ್ತಾಳ ಅಕ್ಕಾ" ಎಂದು ಫೋನ್ ಇಟ್ಟೆ.

ಮಹಾಂತೇಶನದು ಬೇರೆ ಲೆಕ್ಕ. ಜೊತೆಯ ಕೆಲಸಗಾರರು ಅವನ ತಲೆ ತುಂಬಿದ್ದರು. "ಆನ್‌ಲೈನಿನ್ಯಾಗ ಐವತ್ತು ಇಂಚಿನ ಫೋರ್‌ಕೆ ಅಗ್ಗಕ್ಕ ಸಿಗತೈತಿ. ಮನೀ ಬಾಗಲಿಗೇ ತಂದ ಕೊಡ್ತಾರ."

"ತಂದಮ್ಯಾಲ ಬೆರಳು ಕಾಣಲಿಲ್ಲಂದ್ರ ಏನ್ ಮಾಡೂದ್ರಿ?"

"ಫೋರ್‌ಕೆದಾಗ ಬೆರಳು ಕಾಣೂದಿಲ್ಲೇನು?"

"ಕಂಡ್ರ ಛಲೋನ ಆತು. ಆದ್ರ ಕಸ್ತೂರಿನ್ನ ಕರಕೊಂಡು ಹೋಗಿ ನೋಡೇ ತರೂಣು" ಎಂದೆ. ಮೊದಲೆಲ್ಲ ಗಂಡನ ಮಾತಿಗೆ ಇಷ್ಟು ನೇರವಾಗಿ ಅಡ್ಡ ಬಂದವಳಲ್ಲ ನಾನು. ಅವನು ನನ್ನ ಮುಖ ನೋಡಿ ಬೈಕಿನ ಕೀಲಿ ಕೈಗೆತ್ತಿಕೊಂಡ.

ಮೊದಲು ಹೋದ ಅಂಗಡಿಯಲ್ಲಿ ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಬಣ್ಣದ ಮೀನು, ಅರಳುವ ಹೂವು. ಅಂಗಡಿಯವರು ನಮ್ಮನ್ನು ಕಂಡದ್ದೇ ಒಂದರ ಧ್ವನಿ ಪೂರ್ತಿ ಏರಿಸಿದರು. "ಎದಿ ನಡಗತೈತ್ರಿ, ನೋಡ್ರಿ! ಥೇಟರ್ ಬ್ಯಾಡ ನಿಮಗ." ಕಸ್ತೂರಿ ಟೀವಿಯ ಕೆಳಗಿನ ಹಲಗೆಗೆ ಅಂಗೈ ಇಟ್ಟು ಅದು ಅದುರುವುದನ್ನು ಮುಟ್ಟಿ ನೋಡಿ ನಕ್ಕಳು. ನಾನು, "ಆವಾಜ ಬಂದ್ ಮಾಡ್ರಿ. ನಮ್ಮ ಫೋನಿನ ಪಾಠ ಇದರಾಗ ಹಾಕಿ ತೋರಸ್ರಿ" ಎಂದೆ. ಅವರಿಗೆ ಅದು ಹಿಡಿಸಲಿಲ್ಲ. "ಆವಾಜ ಇಲ್ಲದ ಟೀವಿ ಯಾರರ ನೋಡ್ತಾರೇನ್ರಿ?" ಎಂದು ಬೇರೆ ಗಿರಾಕಿಯ ಕಡೆ ಹೊರಳಿದರು. ನಾವು ಹೊರಗೆ ಬಂದೆವು. ಮಹಾಂತೇಶನ ಕಿವಿ ಕೆಂಪಾಗಿತ್ತು. ಬೈಕು ಹತ್ತುತ್ತ, "ಹಳ್ಯಾಳಕ್ಕ ಹೋಗೂಣು ನಡಿ" ಎಂದ. ಅವನು ಆನ್‌ಲೈನಿನ ಮಾತು ಮತ್ತೆ ಎತ್ತಲಿಲ್ಲ.

ಹಳಿಯಾಳದ ಅಂಗಡಿ ಸಣ್ಣದು. ಮಾಲೀಕರು ವಯಸ್ಸಾದ ಮರಾಠಿ ಮನುಷ್ಯ. ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ನಾನು ಬೇಕಾದದ್ದು ಏನೆಂದು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆಗೆ ನನಗೆ ಹೋದ ಜೀವ ಬಂದಂತಾಯಿತು.

"ಮನ್ಯಾಗ ಎಷ್ಟು ದೂರ ಕುಂಡರ್ತೀರಿ ತಾಯಿ?"

ನಾನು ಹೆಜ್ಜೆ ಹಾಕಿ ತೋರಿಸಿದೆ. ಅವರು ಅಷ್ಟೇ ದೂರಕ್ಕೆ ಬೆಂಚು ಎಳೆದು ಹಾಕಿದರು. "ಐವತ್ತು ಇಂಚು ನಿಮ್ಮ ಖೋಲಿಗೆ ಹೆಚ್ಚಾತು. ಮೂವತ್ತೆರಡು ನಾಕ ಮಂದಿಗೆ ಸಣ್ಣದಾತು. ನಲವತ್ಮೂರು ನೋಡ್ರಿ."

ಆ ಅಳತೆಯವು ಮೂರಿದ್ದವು. ಯಾವುದನ್ನು ಆರಿಸಬೇಕೆಂದು ನನಗೆ ಹೊಳೆದದ್ದು ಅಲ್ಲೇ. ಆ ವಾರದ ಹೊಸ ಪಾಠವನ್ನು ಕಸ್ತೂರಿ ಇನ್ನೂ ನೋಡಿರಲಿಲ್ಲ. ಟೀಚರ್ ಅದರಲ್ಲಿ ಎರಡೂ ಕೈಗಳಿಂದ ಅಕ್ಷರಗಳನ್ನು ಒಂದರ ಹಿಂದೊಂದು ಬೇಗಬೇಗ ಕಟ್ಟಿ ಹೆಸರುಗಳನ್ನು ಹೇಳುತ್ತಾರೆ. ಒಂದೊಂದು ಟೀವಿಯಲ್ಲಿ ಐದೈದು ಹೆಸರು ಹಾಕಿಸುವುದು, ಅವಳು ಓದಿ ಬರೆಯುವುದು. ಕಾಕಾ ತಮ್ಮ ರಸೀದಿ ಪುಸ್ತಕದ ಹಾಳೆ ಹರಿದು ಪೆನ್ನಿನ ಜೊತೆ ಅವಳ ಕೈಗಿಟ್ಟರು. "ತಗೋ ಬಾಳಾ." ಬಾಳ ಎಂದರೆ ಅವರ ಭಾಷೆಯಲ್ಲಿ ಮಗು.

ಮೊದಲನೆಯದು ಮಹಾಂತೇಶ ಮೆಚ್ಚಿದ್ದು, ಹೊಳೆಯುವ ಅಂಚಿನ ಫೋರ್‌ಕೆ. ಟೀಚರ್ ಕೈ ನಿಂತಿರುವವರೆಗೆ ಬಲು ಚೆಂದ. ಬೇಗ ಆಡಿದರೆ ಬೆರಳುಗಳ ಹಿಂದೆ ಹೊಗೆಯಂಥ ನೆರಳು ಎಳೆಯುತ್ತಿತ್ತು. ಕಸ್ತೂರಿ ಐದರಲ್ಲಿ ಎರಡು ಹೆಸರು ಬರೆದು ನನ್ನತ್ತ ನೋಡಿದಳು.

"ಫೋನಿನ ನೆಟ್‌ವರ್ಕ್ ಇರಬೇಕು" ಎಂದ ಮಹಾಂತೇಶ.

"ಎಲ್ಲಾದಕ್ಕೂ ಅದೇ ಫೋನ ಹಚ್ಚೂಣು. ಆವಾಗ ತಪ್ಪು ಯಾರದು ಅಂತ ತಿಳೀತೈತಿ" ಎಂದರು ಕಾಕಾ.

ಎರಡನೆಯದರಲ್ಲಿ ಬೆರಳುಗಳು ಸ್ಪಷ್ಟವಾಗಿದ್ದವು. ಆದರೆ ಕಸ್ತೂರಿ ಬೆಂಚಿನಿಂದಿಳಿದು ಒಂದು ಪಕ್ಕಕ್ಕೆ, ನೆಲದ ಮೇಲೆ ಹೋಗಿ ಕೂತಳು. ಅಲ್ಲಿಂದ ನೋಡಿ ಬೇಡವೆಂದು ತಲೆಯಾಡಿಸಿದಳು. ನನಗೆ ಅರ್ಥವಾಗಲಿಲ್ಲ. ನಾನೂ ಹೋಗಿ ಅಲ್ಲಿ ಕೂತೆ. ಪಕ್ಕದಿಂದ ನೋಡಿದರೆ ಟೀಚರ್ ಮುಖವೇ ಕಪ್ಪಾಗಿ ಮಂಕಾಗುತ್ತಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ತೋರಿಸಿದಳು: ಅಜ್ಜಿ. ಮೊಣಕಾಲು ನೋವಿರುವ ಅತ್ತೆ ಮನೆಯಲ್ಲಿ ಗೋಡೆಗೆ ಒರಗಿ, ಪಕ್ಕದಲ್ಲೇ ಕೂರುವುದು. ಎದ್ದು ಹೋದ ಅಜ್ಜಿಗಾಗಿ ಒಂಬತ್ತು ವರ್ಷದ ಹುಡುಗಿ ಜಾಗ ಹಿಡಿದು ನೋಡುತ್ತಿದ್ದಳು. ಮಹಾಂತೇಶ ಮುಖ ಆಚೆ ತಿರುಗಿಸಿದ.

ಮೂರನೆಯದು ಹೋದ ವರ್ಷದ ಮಾಡೆಲ್. ದಪ್ಪ ಅಂಚು, ಸಾದಾ ಫುಲ್ ಎಚ್‌ಡಿ, ಅದಕ್ಕೇ ಅಗ್ಗ. ಕಾಕಾ ಬಣ್ಣ ಚೆಲ್ಲುವ ಅಂಗಡಿಯ ಸೆಟ್ಟಿಂಗ್ ತೆಗೆದು ಮನೆಯಲ್ಲಿ ನೋಡುವ ಹಾಗೆ ಮಾಡಿದರು. ಎದುರಿನಿಂದ ನೋಡಿದೆವು, ಪಕ್ಕದಿಂದ ನೋಡಿದೆವು, ಯೂಟ್ಯೂಬ್ ತಡೆಯಿಲ್ಲದೆ ಓಡುವುದೋ ಎಂದು ಅರ್ಧ ಗಂಟೆ ಬಿಟ್ಟು ನೋಡಿದೆವು. ಫೋನಿನ ವಿಡಿಯೋ ಕಾಲ್ ಟೀವಿಯಲ್ಲಿ ಮೂಡುವುದೋ ಎಂದೂ ಪರೀಕ್ಷಿಸಿದೆವು; ಫೋನ್ ನಮ್ಮನ್ನು ನೋಡಬೇಕು, ನಾವು ಟೀವಿ ನೋಡಬೇಕು. ರಿಪೇರಿಗೆ ಹುಬ್ಬಳ್ಳಿಯಿಂದ ಜನ ಮನೆಗೇ ಬರುತ್ತಾರೆಂದು ಕಾಕಾ ಬರೆದುಕೊಟ್ಟರು. ಆಮೇಲೆ ಹೆಸರುಗಳು. ಕಸ್ತೂರಿ ಐದೂ ಬರೆದಳು. ಐದೂ ಸರಿ. ಕೆಳಗೆ ಆರನೆಯದಾಗಿ ತನ್ನ ಹೆಸರು ಬರೆದು ಗೆರೆ ಎಳೆದಳು.

ಕಾಕಾ ಆ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. "ಇಷ್ಟು ವರ್ಷ ಟೀವಿ ಮಾರಿದೆ ತಾಯಿ. ಟೀವಿ ನೋಡೂದು ಹೆಂಗ ಅಂತ ಇವತ್ತು ಈ ಬಾಳ ಕಲಿಸಿದ್ಲು" ಎಂದರು. ಆ ಅಂಗಡಿಯ ಮೆಟ್ಟಿಲು ಇಳಿಯುವಾಗ ನಾನು ಇದ್ದದ್ದಕ್ಕಿಂತ ಒಂದು ಗೇಣು ಎತ್ತರವಾಗಿದ್ದೆ ಎಂದರೆ ನಂಬಿ.

ಮುಂದಿನ ರವಿವಾರ ಟೀಚರ್ ನಮ್ಮ ಗೋಡೆಯ ಮೇಲೆ ದೊಡ್ಡದಾಗಿ ಬಂದರು. ಅತ್ತೆಯವರನ್ನು ಯಾರೂ ಕರೆಯಲಿಲ್ಲ. ಅವರಾಗಿಯೇ ಗೋಡೆಗೆ ಒರಗಿ, ಸೊಪ್ಪು ಸೋಸುವ ನೆವದಲ್ಲಿ ಕೂತರು. ಮುಂಜಾನೆ ಏನು ತಿಂದಿರಿ ಎಂದು ಟೀಚರ್ ಒಬ್ಬೊಬ್ಬರನ್ನೇ ಕೇಳಿದರು. ಅತ್ತೆಯವರ ಸರದಿ ಬಂತು. ಅವರು ಸೊಪ್ಪು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎರಡು ಅಂಗೈ ಎತ್ತಿದರು. ಏನೋ ಮಾಡಿದರು, ತಪ್ಪಾಯಿತು. ಕಸ್ತೂರಿ ಹೋಗಿ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಿದ್ದಿದಳು. ಅತ್ತೆ ಮತ್ತೆ ಮಾಡಿದರು. ರೊಟ್ಟಿ. ಟೀಚರ್ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಆ ಭಾಷೆಯಲ್ಲಿ ಚಪ್ಪಾಳೆ ಎಂದರೆ ಅದು. ಅತ್ತೆಯವರ ಮುಖ ನೋಡಬೇಕಿತ್ತು ನೀವು.

ಈಗ ಆ ಟೀವಿಗೆ ಬಿಡುವಿಲ್ಲ. ಅತ್ತೆಗೆ ಧಾರಾವಾಹಿ, ಮಹಾಂತೇಶನಿಗೆ ಕಬಡ್ಡಿ, ಕಸ್ತೂರಿಗೆ ಕೆಳಗೆ ಅಕ್ಷರ ಮೂಡುವ ಸಿನಿಮಾ. ರವಿವಾರ ಮಾತ್ರ ಪಾಠ, ಮತ್ತೇನೂ ಇಲ್ಲ.

ಒಂದು ರವಿವಾರ ರೋಸಾಬಾಯಿ ತಮ್ಮ ತಂಗಿಯನ್ನು ಕರೆದುಕೊಂಡು ಬಂದರು. ನಲವತ್ತರ ಹೆಂಗಸು, ಹುಟ್ಟಾ ಕಿವುಡಿ. "ಇಕಿ ಲೂಸಿ ಅಕ್ಕಾ. ಹಳ್ಳ್ಯಾಗ ಎಲ್ಲಾರೂ ಮೂಕಿ ಅಂತಾನ ಕರೀತಾರ" ಎಂದರು. ಗದ್ದೆಯ ಕೆಲಸದಲ್ಲಿ ಲೂಸಿಯನ್ನು ಮೀರಿಸುವವರಿಲ್ಲವಂತೆ. ಆದರೆ ಯಾರೂ ಅವಳಿಗೆ ಒಂದು ಮಾತು ಕಲಿಸಿರಲಿಲ್ಲ. ಕಸ್ತೂರಿ ಅವಳ ಎದುರು ಕೂತು ಬಹಳ ಹೊತ್ತು ನೋಡಿದಳು. ಲೂಸಿ ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಕಸ್ತೂರಿ ತನ್ನ ಎಡಗೆನ್ನೆಗೆ ತೋರುಬೆರಳು ಒತ್ತಿ ತಿರುಗಿಸಿ, ಲೂಸಿಯ ಕಡೆ ತೋರಿಸಿದಳು. ಇದು ನಿನ್ನ ಹೆಸರು. ಲೂಸಿ ಮೊದಲು ಕಣ್ಣು ಮಿಟುಕಿಸಿದಳು. ಆಮೇಲೆ ತಾನೇ ಕೆನ್ನೆಗೆ ಬೆರಳಿಟ್ಟು, ಎದೆ ಮುಟ್ಟಿಕೊಂಡಳು. ಮತ್ತೆ ಮಾಡಿದಳು. ಮನೆಗೆ ಹೋಗುವವರೆಗೂ ಅದನ್ನೇ ಮಾಡುತ್ತಿದ್ದಳು. ರೋಸಾಬಾಯಿ ನನ್ನ ಭುಜಕ್ಕೆ ಹಣೆಯಿಟ್ಟು ಅತ್ತರು.

ಹೋದ ಬೇಸಿಗೆಯಲ್ಲಿ ಅಕ್ಕನ ಮಗಳ ಮದುವೆಗೆ ಊರಿಗೆ ಬಂದಿದ್ದೆವಲ್ಲ. ನನ್ನವರ ನಡುವೆ ಕೂತು ಎರೆಹೊಲದ ಗಾಳಿ ಉಂಡು ನನಗೆ ಜೀವ ತಣ್ಣಗಾಯಿತು. ಆದರೆ ಮೂರು ದಿನ ಕಸ್ತೂರಿ ನಮ್ಮ ಮನೆಯವರ ಹೊರತು ಯಾರ ಜೊತೆಗೂ ಮಾತಾಡಲಿಲ್ಲ. ಅವಳು ಕೈ ಎತ್ತಿದರೆ ಮಕ್ಕಳು ನಿಂತು ನೋಡುತ್ತಿದ್ದರು. ನೀವೆಲ್ಲ ಅವಳ ಕೆನ್ನೆ ಸವರಿದಿರಿ, ಉಡಿ ತುಂಬಿದಿರಿ, ಪ್ರೀತಿಗೆ ಕೊರತೆಯಿರಲಿಲ್ಲ. "ಇಲ್ಲೇ ಬಂದುಬಿಡ್ರಿ" ಎಂದಳು ಅಕ್ಕ. ನಾನು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ದಾಂಡೇಲಿಯ ಬಸ್ಸು ಹತ್ತುವಾಗ ಅತ್ತೆ ಕಣ್ಣೊರೆಸಿಕೊಂಡರು, ಕಸ್ತೂರಿ ಕಿಟಕಿಯ ಸೀಟಿಗೆ ಓಡಿದಳು.

ಮೊನ್ನೆಯ ರವಿವಾರ ಟೀಚರ್ ಕೇಳಿದರು: ನಿಮ್ಮ ಊರು ಎಲ್ಲಿ? ಕಸ್ತೂರಿ ಯೋಚಿಸದೆ ನೆಲಕ್ಕೆ ಬೆರಳು ತೋರಿಸಿದಳು: ಇಲ್ಲಿ. ಅತ್ತೆ ಕಿಟಕಿಯಾಚೆ, ಮರಗಳಿಗಿಂತ ಆಚೆ ಕೈ ಚಾಚಿದರು: ಅಲ್ಲಿ. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು, ಟೀಚರ್ ಕೂಡ. ಬಾಯಿಂದ ಹೇಳುವುದಾಗಿದ್ದರೆ ಒಂದು ಹೆಸರನ್ನು ಮೊದಲು, ಇನ್ನೊಂದನ್ನು ಆಮೇಲೆ ಹೇಳಬೇಕಿತ್ತು. ನಾನು ಎಡಗೈಯನ್ನು ಅತ್ತೆ ತೋರಿಸಿದ ಕಡೆಗೆ ಚಾಚಿದೆ, ಬಲಗೈಯನ್ನು ಮಗಳು ತೋರಿಸಿದ ಕಡೆಗೆ. ಎರಡನ್ನೂ ಒಟ್ಟಿಗೇ. ಟೀಚರ್ ಅರ್ಥವಾಯಿತೆಂದು ತಲೆಯಾಡಿಸಿದರು. ಭುಜ ನೋಯುವವರೆಗೂ ನಾನು ಯಾವ ಕೈಯನ್ನೂ ಇಳಿಸಲಿಲ್ಲ.